ಊರು ಸುತ್ತಿ ಬಂದ ಗದ್ದೆಮಣ್ಣು

ಅಮ್ಮುವಿನ ಅಜ್ಜ ಕುಂಞ ಸುರಂಗ ತೋಡುವವನು. ಪೆರ್ಲದ ಸುತ್ತಿನ ಗುಡ್ಡಗಳ ಹೊಟ್ಟೆಯಲ್ಲಿ ನೀರು ಎಲ್ಲಿ ಮಲಗಿದೆ ಎಂದು ಅವನಿಗೆ ಗೊತ್ತಿದ್ದಷ್ಟು ಆ ಗುಡ್ಡಗಳಿಗೇ ಗೊತ್ತಿರಲಿಲ್ಲ. ಗುಡ್ಡದ ಬದಿಗೆ ಆಳೆತ್ತರದ ಬಾಯಿ ಕೊರೆದು, ಎಣ್ಣೆದೀಪ ಹಿಡಿದು ಒಳಗೆ ಹೋದನೆಂದರೆ ಹೊರಗೆ ಬರುವುದು ಮಣ್ಣಿನ ಬುಟ್ಟಿ ಮಾತ್ರ. ಒಮ್ಮೆ ಒಬ್ಬ ಧಣಿಗಳಲ್ಲಿ ಕೆಲಸ ಮಾಡುವಾಗ ಅವರ ಮನೆಯವರು ಇವನಿಗೆ ಮಧ್ಯಾಹ್ನದ ಊಟ ಕೊಡಲು ಮರೆತರು. ಕುಂಞ ನೀರಿನ ಸೆಲೆಗೆ ಒಂದು ಮೊಳ ಉಳಿದಿರುವಾಗ ಪಿಕ್ಕಾಸು ಹೆಗಲಿಗೇರಿಸಿ ಹೊರಬಂದು, "ಕಲ್ಲು ಗಟ್ಟಿ ಉಂಟು, ಆಗುದಿಲ್ಲ" ಎಂದು ಮನೆಗೆ ನಡೆದ. ಧಣಿಗಳು ಹಲವರನ್ನು ಕೇಳಿ, ಕೊನೆಗೆ ವಿಷಯ ತಿಳಿದು, ಅವನನ್ನು ಕರೆಸಿ ಪಾಯಸದ ಊಟ ಹಾಕಿಸಿದರು. ಮರುದಿನ ಬೆಳಿಗ್ಗೆ ಕಲ್ಲು ಮೆತ್ತಗಾಯಿತು. ಆ ಸುರಂಗದಲ್ಲಿ ಈಗಲೂ ನೀರುಂಟು.

ಕುಂಞನ ಮಗಳು ದುಗ್ಗು. ಅವಳಿಗೆ ಭೂಸುಧಾರಣೆಯಲ್ಲಿ ಸಿಕ್ಕಿದ್ದು ಗುಡ್ಡದ ಇಳಿಜಾರಿನ ಅರ್ಧ ಎಕರೆ ಬೋಳು ಪಾರೆ. ಕೆಳಗೆ ಅಗೆದಲ್ಲೆಲ್ಲ ಮನೆ ಕಟ್ಟುವ ಕೆಂಪು ಮುರಕಲ್ಲು. ದುಗ್ಗು ಅಳಲಿಲ್ಲ, ಆಫೀಸಿಗೂ ಹೋಗಲಿಲ್ಲ. ಕೆಳಗೆ ನೀರು ಹರಿಯುವ ತೋಡಿನ ಬದಿಯಿಂದ ಮಣ್ಣು ಹೊತ್ತಳು. ಎಲ್ಲಿಗೆ ಹೋದರೂ ಬರುವಾಗ ತಲೆಯ ಮೇಲೊಂದು ಬುಟ್ಟಿ. ಮದುವೆಗೆ ಹೋದರೂ ಅಷ್ಟೆ, ಸಾವಿನ ಮನೆಗೆ ಹೋದರೂ ಅಷ್ಟೆ. ನೆಂಟರು ಬರುವುದಾದರೆ, "ಬಿಸ್ಕತ್ತು ಬೇಡ, ಬರುವಾಗ ಒಂದು ಬುಟ್ಟಿ ಮಣ್ಣು ತನ್ನಿ" ಎಂದು ಹೇಳಿಕಳಿಸುತ್ತಿದ್ದಳು. ನೆಂಟರು ಕಡಿಮೆಯಾದರು, ಗದ್ದೆ ದೊಡ್ಡದಾಯಿತು. ಅಪ್ಪ ಕುಂಞ ಮೇಲಿನ ಗುಡ್ಡದಲ್ಲಿ ಸುರಂಗ ಕೊರೆದು ನೀರು ಕೊಟ್ಟ. ಬದುವಿನ ಉದ್ದಕ್ಕೂ ದುಗ್ಗು ಕೂವೆಗೆಡ್ಡೆ ನೆಟ್ಟಳು. ಗದ್ದೆಯ ಮೂಲೆಯಲ್ಲಿ ಒಂದು ಕಪ್ಪು ಕಲ್ಲು ಇತ್ತು. ದಿನದ ಕೆಲಸ ಮುಗಿದ ಮೇಲೆ ಅದರ ಮೇಲೆ ಕೂತು ಎಲೆಯಡಿಕೆ ಹಾಕುವುದು ಅವಳ ದೊಡ್ಡ ಸುಖ. ಅವಳು ತೀರಿಹೋದ ಮೇಲೆ ಆ ಕಲ್ಲಿನ ಮೇಲೆ ಯಾರೂ ಕೂರಲಿಲ್ಲ. ಮಕ್ಕಳು ಕೂತರೆ ಅಮ್ಮು ಕಿವಿ ಹಿಂಡುತ್ತಿದ್ದಳು.

ಅಮ್ಮು ದುಗ್ಗುವಿನ ಒಬ್ಬಳೇ ಮಗಳು. ಅಜ್ಜನ ಕುತಂತ್ರ, ಅಮ್ಮನ ಹಟ ಎರಡೂ ಅವಳ ಪಾಲಿಗೆ ಬಂದವು. ಸಣ್ಣ ಆಕಾರ, ದೊಡ್ಡ ಹೆಜ್ಜೆ. ನಗುವಾಗ ಕಣ್ಣು ಮಾತ್ರ ನಗುತ್ತದೆ, ಬಾಯಿ ಎಲೆಯಡಿಕೆಯ ಕೆಲಸದಲ್ಲಿ ಇರುತ್ತದೆ. ಗಂಡ ಬಟ್ಯ ಕಳ್ಳು ತೆಗೆಯುವವ, ಅವನು ಹೋಗಿ ಬಹಳ ವರ್ಷಗಳಾದವು. ಮಗ ಪ್ರವೀತ್ ಪುತ್ತೂರು ಬಸ್ಸಿನ ಡ್ರೈವರ್. ಮಗಳು ಮೋಕ್ಷಿತಾಳನ್ನು ಮಂಗಲ್ಪಾಡಿಗೆ ಮದುವೆ ಮಾಡಿ ಕೊಟ್ಟಿದ್ದಾಳೆ.

ಇಂಥ ಅಮ್ಮು ಗದ್ದೆಯನ್ನು ಕಲ್ಲಿನ ಕೋರೆಗೆ ಕೊಟ್ಟಳು ಎಂದರೆ ಯಾರೂ ನಂಬುವುದಿಲ್ಲ. ಆದರೆ ಕೊಟ್ಟಳು. ಭತ್ತದ ಸಸಿ, ಅದೇ ನೇಜಿ, ನೆಡಲು ಜನ ಸಿಗದ ಕಾಲ, ಸುತ್ತಿನ ಗುಡ್ಡವೆಲ್ಲ ಯಂತ್ರದ ಬಾಯಿಗೆ ಬಿದ್ದ ಕಾಲ. ಕೋರೆ ನಡೆಸುವ ವಾಸಪ್ಪ ದಿನಾ ಬಂದು ಜಗಲಿಯಲ್ಲಿ ಕೂರುತ್ತಿದ್ದ. ಅಮ್ಮು ಕೊನೆಗೆ ಒಪ್ಪಿ, ಎರಡು ಮಾತು ಹೇಳಿದಳು. ಒಂದು, ಮೇಲಿನ ಗದ್ದೆಮಣ್ಣನ್ನು ತೆಗೆದು ಬದಿಯಲ್ಲಿ ರಾಶಿ ಹಾಕಬೇಕು. ಕಲ್ಲು ಮುಗಿದ ಮೇಲೆ ಅದನ್ನು ವಾಪಸು ಹರಡಿ ಕೊಡಬೇಕು. ಎರಡು, ಮೂಲೆಯ ಕಪ್ಪು ಕಲ್ಲಿಗೆ ಯಂತ್ರ ಮುಟ್ಟಿಸಬಾರದು. ವಾಸಪ್ಪ ತಲೆಯ ಮೇಲೆ ಕೈಯಿಟ್ಟು ಒಪ್ಪಿದ. ಆ ಕಲ್ಲಿಗೆ ಯಾಕೆ ಮುಟ್ಟಬಾರದು ಎಂದು ಕೇಳಲಿಲ್ಲ. ನಮ್ಮ ಕಡೆ ಅಂಥ ಕಲ್ಲನ್ನು ಮುಟ್ಟಬೇಡಿ ಎಂದರೆ ಯಾರೂ ಯಾಕೆಂದು ಕೇಳುವುದಿಲ್ಲ, ತಾವಾಗಿ ಒಂದು ದೈವದ ಹೆಸರು ಸೇರಿಸಿಕೊಳ್ಳುತ್ತಾರೆ.

ಗದ್ದೆ ಹೋದ ನೋವು ಅಮ್ಮುವಿಗೆ ತಿಳಿದದ್ದು ತೆನೆ ಕಟ್ಟುವ ದಿನ. ಹೊಸ ಭತ್ತದ ತೆನೆಯನ್ನು ಮಾವಿನೆಲೆ, ಹಲಸಿನೆಲೆಯ ಜೊತೆ ಸೇರಿಸಿ ಬಾಗಿಲಿಗೆ, ಬಾವಿಗೆ, ಅಕ್ಕಿಯ ಪಾತ್ರೆಗೆ ಕಟ್ಟಿ, ನಾಲ್ಕು ಕಾಳು ಹೊಸಕ್ಕಿ ಹಾಕಿ ಊಟ ಮಾಡುವುದು ಕ್ರಮ. ತೆನೆ ತಮ್ಮ ಗದ್ದೆಯದ್ದೇ ಆದರೆ ಮರ್ಯಾದೆ. ಅಮ್ಮು ಪಕ್ಕದ ದಮಯಂತಿಯಲ್ಲಿ ಕೇಳಬೇಕಾಯಿತು. ದಮಯಂತಿಯದ್ದು ದೊಡ್ಡ ಮನೆ, ತೋಡಿನ ಬದಿಗೆ ಒಳ್ಳೆಯ ಗದ್ದೆ. ಅವರು ಕೊಡುವುದಕ್ಕೆ ಜಿಪುಣರಲ್ಲ, ಆದರೆ ಕೊಟ್ಟದ್ದನ್ನು ಮೌನವಾಗಿ ಕೊಡುವ ಅಭ್ಯಾಸವಿರಲಿಲ್ಲ.

"ಈ ವರ್ಷವೂ ನಮ್ಮ ಗದ್ದೆಯದ್ದೇ ಆಯ್ತಲ್ಲ ಅಮ್ಮು," ಎಂದು ನಾಲ್ಕು ಜನರ ಎದುರು ಹೇಳುತ್ತಿದ್ದರು. "ನಿನ್ನ ಗದ್ದೆಯಲ್ಲಿ ಈಗ ಎಂತ ಬೆಳೆ? ಕಲ್ಲಾ?"

ಕೋರೆ ಮುಗಿಯುತ್ತ ಬಂದ ವರ್ಷ ಅಮ್ಮು ತೆನೆ ಸೆರಗಿಗೆ ಕಟ್ಟಿಕೊಂಡು, "ಇನ್ನೊಂದೇ ಸಲ ದಮಯಂತಿಯಕ್ಕ. ಮುಂದಿನ ವರ್ಷ ತಪ್ಪಿದರೆ ಅದರ ಮುಂದಿನ ವರ್ಷ ನನ್ನ ಗದ್ದೆಯ ತೆನೆಯೇ ಕಟ್ಟುವುದು" ಎಂದಳು.

"ಆ ಹೊಂಡದಲ್ಲಾ?"

"ಹೌದು."

"ಹಾಗಾದ್ರೆ ಆ ವರ್ಷ ನಾನೇ ಬಂದು ನಿನ್ನ ಹತ್ತಿರ ತೆನೆ ಕೇಳ್ತೇನೆ ಮಾರಾಯ್ತಿ," ಎಂದರು ದಮಯಂತಿ. ನಾಲ್ಕು ಜನ ನಕ್ಕರು. ಅಮ್ಮುವಿನ ಕಣ್ಣು ನಗಲಿಲ್ಲ. ಅವತ್ತಿನಿಂದ ಅವಳಿಗೆ ಬೇರೆ ಯೋಚನೆ ಇಲ್ಲ. ಹೊಂಡ ಗದ್ದೆಯಾಗಬೇಕು, ಗದ್ದೆಯಲ್ಲಿ ತೆನೆ ಬರಬೇಕು.

ಆ ಚಳಿಗಾಲ ಮೋಕ್ಷಿತಾಳ ಬಾಣಂತನಕ್ಕೆಂದು ಅಮ್ಮು ಮಂಗಲ್ಪಾಡಿಗೆ ಹೋದಳು. ಮೊಮ್ಮಗಳನ್ನು ಮೀಯಿಸಿ, ಎಣ್ಣೆ ತಿಕ್ಕಿ, ತೊಟ್ಟಿಲಿಗೆ ಹಾಕಿ ತಿರುಗಿ ಬಂದು ನೋಡಿದರೆ ಕೋರೆ ಮುಗಿದಿತ್ತು. ಯಂತ್ರ ಹೋಗಿತ್ತು. ಜೊತೆಗೆ ಬದಿಯಲ್ಲಿದ್ದ ಮಣ್ಣಿನ ರಾಶಿಯೂ ಹೋಗಿತ್ತು. ಮೂರು ಬದಿ ನೆಟ್ಟಗೆ ನಿಂತ ಕೆಂಪು ಗೋಡೆ, ಲಾರಿ ಬರುತ್ತಿದ್ದ ಒಂದು ಬದಿ ಮಾತ್ರ ತೆರೆದದ್ದು, ಕೆಳಗೆ ಚಪ್ಪಟೆ ಕಲ್ಲಿನ ನೆಲ. ಮೂಲೆಯ ಮೇಲ್ಗಡೆ ಕಪ್ಪು ಕಲ್ಲು ಒಂದೇ ಕೂತಿತ್ತು.

ಅಮ್ಮು ವಾಸಪ್ಪನ ಹೊಸ ಮನೆಗೆ ಹೋದಳು.

"ಮಣ್ಣು ಎಲ್ಲಿ ವಾಸಪ್ಪ?"

"ಮಳೆಗೆ ಕೊಚ್ಚಿಹೋಯ್ತು ಅಮ್ಮಕ್ಕ. ಎಂತ ಮಾಡುದು?"

"ಮಕರ ತಿಂಗಳಲ್ಲಿ ಮಳೆ ಬಂತಾ?"

"ಒಂದು ದಿನ ಬಂತು. ಜೋರು."

"ಮಳೆಗೆ ಚಕ್ರವೂ ಇತ್ತು ಕಾಣ್ತದೆ. ಅಚ್ಚು ಮೂಡಿದೆ," ಎಂದಷ್ಟೇ ಹೇಳಿ ಅಮ್ಮು ಎದ್ದಳು. ಜಗಳ ಮಾಡಿದರೆ ವಾಸಪ್ಪ ಇನ್ನೊಂದು ಮಳೆ ತರಿಸುತ್ತಾನೆ ಎಂದು ಅವಳಿಗೆ ಗೊತ್ತಿತ್ತು.

ಮಗ ಪ್ರವೀತ್ ಸಮಾಧಾನ ಹೇಳಿದ. "ಬಿಡಮ್ಮ, ನೀರು ತುಂಬಿಸಿ ಮೀನು ಸಾಕುವ."

"ಬಾಗಿಲಿಗೆ ಬಂಗುಡೆ ಕಟ್ಟುದಾ?" ಎಂದಳು ಅಮ್ಮು. ಮೀನಿನ ಮಾತು ಅಲ್ಲಿಗೆ ಮುಗಿಯಿತು.

ಹೊಂಡಕ್ಕೆ ಮೊದಲು ಬೇಕಾದದ್ದು ತಳ. ಮುರಕಲ್ಲಿನ ಮೈಯೆಲ್ಲ ತೂತು, ಎಷ್ಟು ನೀರು ಬಿಟ್ಟರೂ ಕುಡಿದು ಕೂರುತ್ತದೆ. ಕೋರೆಯವರು ಬಿಟ್ಟುಹೋದ ಒಡಕು ಕಲ್ಲುಗಳನ್ನು ಅಮ್ಮು ತಾನೇ ಹೆಕ್ಕಿ ತಗ್ಗುಗಳಿಗೆ ತುಂಬಿದಳು. ಅದರ ಮೇಲೆ ಅಂಟುಮಣ್ಣು ಬೇಕಿತ್ತು. ಆ ಬೇಸಿಗೆಯಲ್ಲಿ ಊರಿನ ಹಳೆಯ ಮದಕದ ಹೂಳೆತ್ತುವ ಕೆಲಸ ಉದ್ಯೋಗ ಖಾತರಿಯ ಹೆಂಗಸರಿಗೆ ಬಂತು. ಅಮ್ಮುವೂ ಆ ಗುಂಪಿನವಳೇ. ಕೆರೆಯ ಹೂಳನ್ನು ಎಲ್ಲಿ ಹಾಕುವುದು ಎಂದು ಪಂಚಾಯತಿನವರು ತಲೆ ಕೆರೆದುಕೊಳ್ಳುತ್ತಿದ್ದಾಗ ಅಮ್ಮು ಬಾಯಿಯ ಎಲೆ ಉಗಿದು, "ಎಲ್ಲಿಯೂ ಜಾಗ ಇಲ್ಲದಿದ್ದರೆ ನನ್ನ ಹೊಂಡ ಉಂಟು. ನನಗೆ ಉಪದ್ರವೇ. ಆದರೂ ಊರಿನ ಕೆಲಸ ಅಲ್ವ" ಎಂದಳು. ಪಂಚಾಯತಿನವರು ಅವಳ ದೊಡ್ಡ ಮನಸ್ಸನ್ನು ಸಭೆಯಲ್ಲಿ ಹೊಗಳಿದರು.

ಹೀಗೆ ಜೇಡಿ ಹೂಳು ಬಂದು ಬಿತ್ತು. ಆದರೆ ಅದನ್ನು ತುಳಿಯಬೇಕು. ನೀರು ನಿಲ್ಲಿಸಿ, ತುಳಿದು ತುಳಿದು, ದೋಸೆಹಿಟ್ಟಿನ ಹಾಗೆ ಮಾಡಿದರೆ ಮಾತ್ರ ತೂತು ಮುಚ್ಚುತ್ತದೆ. ಅರ್ಧ ಎಕರೆ ತುಳಿಯಲು ಅಮ್ಮುವಿಗಿದ್ದದ್ದು ಎರಡು ಕಾಲು. ಕೋಣ ಸಾಕುವವರು ಈಗ ಕಂಬಳದ ಕೋಣ ಸಾಕುತ್ತಾರೆ, ಅವು ಕೆಲಸಕ್ಕೆ ಬರುವುದಿಲ್ಲ.

ಆಟಿ ತಿಂಗಳು ಬಂತು, ಹೊಂಡದಲ್ಲಿ ಮಳೆನೀರು ನಿಂತಿತು. ದಮಯಂತಿಯ ಮಗ ಕುಶಲ್ ಯುವಕ ಸಂಘದ ಅಧ್ಯಕ್ಷ. ಪ್ರತಿ ಆಟಿಯಲ್ಲೂ ಸಂಘದವರು ಕೆಸರುಗದ್ದೆಯ ಆಟ ಮಾಡುತ್ತಾರೆ: ಓಟ, ಹಗ್ಗಜಗ್ಗಾಟ, ಮಡಕೆ ಒಡೆಯುವುದು, ಮೈಕಿನಲ್ಲಿ ಬೊಬ್ಬೆ. ಅಮ್ಮು ದಾರಿಯಲ್ಲಿ ಕುಶಲನನ್ನು ನಿಲ್ಲಿಸಿದಳು.

"ಈ ಸಲ ಆಟ ಎಲ್ಲಿ?"

"ಗದ್ದೆ ಸಿಕ್ಕಿಲ್ಲ ಅಜ್ಜಿ. ಕಳೆದ ಸಲ ನೇಜಿ ಹಾಳು ಮಾಡಿದ್ದೇವೆ ಅಂತ ಅಮ್ಮ ಬಿಡುದಿಲ್ಲ."

"ನನ್ನ ಹೊಂಡದಲ್ಲಿ ಕೆಸರುಂಟು. ಆದರೆ ನಿಮ್ಮ ಹುಡುಗರಿಗೆ ಅದು ಆಗ್ಲಿಕ್ಕಿಲ್ಲ."

"ಯಾಕೆ ಆಗುದಿಲ್ಲ?"

"ಮದಕದ ಕೆಸರು ಅದು. ಕಾಲು ಹೂತರೆ ತೆಗೆಯಲಿಕ್ಕೆ ಬಲ ಬೇಕು. ಈಗಿನವರು ಮೊಬೈಲಿನಲ್ಲಿ ಓಡುವವರು. ಬೇಡ ಬಿಡು, ನಾಳೆ ಯಾರದ್ದಾದರೂ ಸೊಂಟ ಉಳುಕಿದರೆ ನಿನ್ನ ಅಮ್ಮ ನನ್ನನ್ನು ಬೈದಾರು."

ಮುಂದಿನ ಆದಿತ್ಯವಾರ ಇಡೀ ಯುವಕ ಸಂಘ ಹೊಂಡದಲ್ಲಿತ್ತು. ಅಮ್ಮು ಒಂದು ಬಾಳೆಗೊನೆ ಬಹುಮಾನ ಇಟ್ಟು, ತಾನೇ ತೀರ್ಪುಗಾರಳಾದಳು. ಅವಳಷ್ಟು ಕಟ್ಟುನಿಟ್ಟಿನ ತೀರ್ಪುಗಾರರನ್ನು ಪೆರ್ಲ ಕಂಡಿರಲಿಲ್ಲ. ಮೊದಲ ಓಟ ಮುಗಿದಾಗ, "ಇಬ್ಬರು ಒಟ್ಟಿಗೇ ಮುಟ್ಟಿದ್ದು, ಇನ್ನೊಮ್ಮೆ ಓಡಿ" ಎಂದಳು. ಇನ್ನೊಮ್ಮೆ ಓಡಿದರೆ, "ಒಬ್ಬ ಮೊದಲೇ ಹೊರಟ, ಆಗುದಿಲ್ಲ" ಎಂದಳು. ಮೂರನೆಯ ಸಲಕ್ಕೆ ಓಟದ ಜಾಗವನ್ನೇ ಆಚೆ ಬದಿಗೆ ಸರಿಸಿದಳು, ಅಲ್ಲಿ ಕೆಸರು ಚೆನ್ನಾಗಿದೆಯಂತೆ. ಅಸಲಿಗೆ ಅಲ್ಲಿ ಇನ್ನೂ ಯಾರೂ ತುಳಿದಿರಲಿಲ್ಲ. ಹಗ್ಗಜಗ್ಗಾಟದ ಗೆರೆಯನ್ನು ನಾಲ್ಕು ಮೂಲೆಗೂ ತಿರುಗಿಸಿದಳು. ಹೆಂಗಸರು ದಡದಲ್ಲಿ ನಿಂತು ನೋಡುತ್ತಿದ್ದುದನ್ನು ಕಂಡು, "ನಮ್ಮ ಕಾಲದಲ್ಲಿ ಹೆಂಗಸರೇ ಮುಂದೆ ಇದ್ದದ್ದು" ಎಂದು ಗಾಳಿಗೆ ಹೇಳಿದಳು. ಅರ್ಧ ಗಂಟೆಯಲ್ಲಿ ಹೆಂಗಸರ ಎರಡು ತಂಡಗಳೂ ಇಳಿದವು. ಹಗ್ಗ ಎಳೆಯುವಾಗ ಕುಶಲನ ಕಾಲು ನಿಜವಾಗಿಯೂ ಉಳುಕಿತು.

ಸಂಜೆಗೆ ಬಾಳೆಗೊನೆಯನ್ನು ಎಲ್ಲರಿಗೂ ಹಂಚಿದಳು. ಯಾರೂ ಸೋಲಲಿಲ್ಲ, ಯಾರೂ ಗೆಲ್ಲಲಿಲ್ಲ. ಮರುದಿನದಿಂದ ಹೊಂಡದ ನೀರು ಕದಲಲಿಲ್ಲ. ತಳ ಕೂತಿತ್ತು.

ಇನ್ನು ಬೇಕಾದದ್ದು ಮೇಲಿನ ಮಣ್ಣು. ಹೂಳಿನಲ್ಲಿ ಹುಲ್ಲು ಬೆಳೆದೀತು, ಭತ್ತಕ್ಕೆ ಅದು ಸಾಲದು. ಪೇಟೆಯ ಬದಿ ಗುಡ್ಡ ಕಡಿದು ತರುವ ಕೆಂಪುಮಣ್ಣು ಅದಕ್ಕಿಂತ ಕಡೆ. ದುಗ್ಗು ತಲೆಯ ಮೇಲೆ ಹೊತ್ತು, ಸೊಪ್ಪು ಸೆಗಣಿ ಹಾಕಿ ಪಳಗಿಸಿದ ಮಣ್ಣೇ ಬೇಕು. ಅದು ಎಲ್ಲಿಗೆ ಹೋಯಿತೆಂದು ಅಮ್ಮು ಯಾರನ್ನೂ ಕೇಳಲಿಲ್ಲ. ಮಳೆಗಾಲಕ್ಕೆ ಕಾದಿದ್ದಳು. ಯಾಕೆಂದರೆ ದುಗ್ಗುವಿನ ಕೂವೆಗೆಡ್ಡೆಗಳು ಆ ಮಣ್ಣಿನೊಳಗೇ ಇದ್ದವು. ಮಣ್ಣು ಎಲ್ಲಿ ಹೋಗಿದೆಯೋ ಅಲ್ಲಿ ಕೂವೆ ಚಿಗುರಲೇಬೇಕು.

ಚಿಗುರಿತು. ವಾಸಪ್ಪನ ಹೊಸ ಮನೆಯ ಎದುರಿನ ಹುಲ್ಲುಹಾಸಿನ ನಡುವೆ ಅರಸಿನದ ಎಲೆಯಂಥ ಎಲೆಗಳು ತಲೆಯೆತ್ತಿದವು. ಈಶ್ವರಪ್ರಸಾದ ಭಟ್ಟರ ತೋಟದಲ್ಲಿ, ಅಡಿಕೆ ಮರಗಳ ಬುಡಕ್ಕೆ ಏರಿಸಿದ ಮಣ್ಣಿನಲ್ಲಿ ಸಾಲುಸಾಲಾಗಿ ಎದ್ದವು. ಎಲ್ಲಕ್ಕಿಂತ ದಟ್ಟವಾಗಿ ಬಂದದ್ದು ದಮಯಂತಿಯ ಅಂಗಳದ ಗುಲಾಬಿ ತೋಟದಲ್ಲಿ. ಅಮ್ಮು ಬೇಲಿಯ ಈಚೆಯಿಂದ ನೋಡಿ, ತನ್ನ ತಾಯಿ ಊರೆಲ್ಲ ನೆಂಟಸ್ತಿಕೆ ಬೆಳೆಸಿದ್ದಾಳೆ ಎಂದುಕೊಂಡಳು.

ಮರುದಿನ ಬೆಳಿಗ್ಗೆ ಅಮ್ಮು ವಾಸಪ್ಪನ ಅಂಗಳಕ್ಕೆ ಹೋಗಿ, ಕೂವೆಯ ಬುಡದಲ್ಲಿ ಎರಡು ವೀಳ್ಯದೆಲೆ, ಒಂದು ಹೋಳು ಅಡಿಕೆ, ಚೂರು ಸುಣ್ಣ ಇಟ್ಟು, ಒಂದು ಗಳಿಗೆ ನಿಂತು ಬಂದಳು. ಭಟ್ಟರ ತೋಟದಲ್ಲೂ ಇಟ್ಟಳು. ದಮಯಂತಿಯ ಗುಲಾಬಿಯ ನಡುವೆಯೂ ಇಟ್ಟಳು. ದಿನಾ ಸಂಜೆ ಕಪ್ಪು ಕಲ್ಲಿನ ಮೇಲೆ ಕೂತು ಎಲೆ ಹಾಕುತ್ತಿದ್ದ ಅಮ್ಮ ಈಗ ಮಣ್ಣಿನ ಜೊತೆ ಮೂರು ಮನೆಗಳಲ್ಲಿ ಇದ್ದಾಳಲ್ಲ, ಅಲ್ಲಿಗೇ ಕೊಡಬೇಕಷ್ಟೆ. ಅಮ್ಮು ಯಾರಿಗೂ ಒಂದು ಅಕ್ಷರ ಹೇಳಲಿಲ್ಲ. ಮುಂದಿನ ವಾರ ಪುನಃ ಇಟ್ಟಳು.

ಭೂತ ಪಿಶಾಚಿಗಳು ತಿರುಗುವ ಆಟಿ ತಿಂಗಳಲ್ಲಿ ಅಂಗಳದ ಮಣ್ಣಿಗೆ ಯಾರೋ ಎಲೆಯಡಿಕೆ ಇಟ್ಟು ಕೈಮುಗಿಯದೆ ಮಾತಾಡದೆ ಹೋದರೆ ನಮ್ಮವರಿಗೆ ನಿದ್ರೆ ಬರುತ್ತದೆಯೇ? ಮೊದಲು ಓಡಿಬಂದವನು ವಾಸಪ್ಪ.

"ಅಮ್ಮಕ್ಕ, ಎಲೆ ಇಟ್ಟದ್ದು ನೀವಾ?"

"ಹೌದು."

"ಯಾಕೆ?"

"ಇಡಬೇಕು ಅಂತ ಕಂಡಿತು, ಇಟ್ಟೆ."

"ಆ ಕಪ್ಪು ಕಲ್ಲಿಗೂ ಇದಕ್ಕೂ..." ಎಂದು ವಾಸಪ್ಪ ನಿಲ್ಲಿಸಿದ.

ಅಮ್ಮು ಅಡಿಕೆ ಕತ್ತರಿಸುತ್ತ ಕೂತಳು. ಹೇಳಲೂ ಇಲ್ಲ, ಇಲ್ಲವೆನ್ನಲೂ ಇಲ್ಲ.

ವಾಸಪ್ಪ ಮನೆಗೆ ಮುಟ್ಟುವಷ್ಟರಲ್ಲಿ ಕಪ್ಪು ಕಲ್ಲು ಗುಳಿಗ ದೈವದ ಕಲ್ಲಾಗಿತ್ತು. ಗುಳಿಗ ಮಣ್ಣಿನ ಜೊತೆ ಟಿಪ್ಪರಿನಲ್ಲಿ ಕೂತು ತನ್ನ ಅಂಗಳಕ್ಕೆ ಬಂದಿಳಿದಿದ್ದ. ಆ ವಾರವೇ ಅವನ ಟಿಪ್ಪರು ಎರಡು ಸಲ ದಾರಿಯಲ್ಲಿ ನಿಂತಿತು. ಅದು ಹಿಂದಿನ ವರ್ಷದಿಂದಲೂ ನಿಲ್ಲುವ ಟಿಪ್ಪರೇ, ಆದರೆ ಈಗ ನಿಂತದ್ದಕ್ಕೆ ಕಾರಣ ಸಿಕ್ಕಿತು. ಭಟ್ಟರ ಮನೆಯಲ್ಲಿ ಹಸು ಒದ್ದು ಹಾಲಿನ ಪಾತ್ರೆ ಉರುಳಿಸಿತು. ಅದು ಕರು ಹಾಕಿದ ದಿನದಿಂದಲೂ ಒದೆಯುತ್ತಿದ್ದ ಹಸು.

"ನಾನು ಇದನ್ನೆಲ್ಲ ನಂಬುವವನಲ್ಲ," ಎಂದರು ಈಶ್ವರಪ್ರಸಾದ ಭಟ್ಟರು ವಾಸಪ್ಪನಿಗೆ. "ಆದರೆ ಮನೆಯವಳಿಗೆ ಹೆದರಿಕೆ. ಆ ಮಣ್ಣು ತೆಗೆದುಕೊಂಡು ಹೋಗು."

ಅವರ ಮನೆಯವರು ಒಳಗಿನಿಂದಲೇ, "ನನಗೆಂತ ಹೆದರಿಕೆ? ಮೂರು ದಿನದಿಂದ ತೋಟಕ್ಕೆ ಇಳಿಯದವರು ಯಾರು ಅಂತ ಕೇಳಿ" ಎಂದರು.

ಮಳೆ ಬಿಟ್ಟು ದಾರಿ ಒಣಗಿದ್ದೇ ತಡ, ವಾಸಪ್ಪನ ಟಿಪ್ಪರು ಹೊಂಡಕ್ಕೆ ಇಳಿಯಿತು. ತನ್ನ ಅಂಗಳದ ಹುಲ್ಲುಹಾಸನ್ನೇ ಕಿತ್ತು ತಂದ. ಭಟ್ಟರ ತೋಟದ ಮಣ್ಣು ಇಷ್ಟು ತಿಂಗಳೂ ಹಟ್ಟಿಗೊಬ್ಬರ ತಿಂದು, ಹೋದದ್ದಕ್ಕಿಂತ ಪುಷ್ಟಿಯಾಗಿ ತಿರುಗಿ ಬಂತು. ಅಳತೆ ಕಡಿಮೆಯಾದರೆ ಗುಳಿಗನಿಗೆ ಸಿಟ್ಟು ಬರಬಹುದೆಂದು ವಾಸಪ್ಪ ಮೇಲಿಂದ ಎರಡು ಲೋಡು ತೋಡುಮಣ್ಣು ಬೇರೆ ಸೇರಿಸಿದ. ಚಪ್ಪಲಿ ದೂರ ಕಳಚಿಟ್ಟು ಬರಿಗಾಲಲ್ಲಿ ನಿಂತು ಮಣ್ಣು ಇಳಿಸುತ್ತಿದ್ದ.

"ಚಪ್ಪಲಿ ಹಾಕ್ಕೊ ಮಾರಾಯ, ಕಲ್ಲು ಚುಚ್ಚುತ್ತದೆ," ಎಂದಳು ಅಮ್ಮು.

"ಇರ್ಲಿ ಅಮ್ಮಕ್ಕ. ಅವರಿಗೆ ಸ್ವಲ್ಪ ಹೇಳಿ, ನಾನು ಎಲ್ಲ ತಂದಿದ್ದೇನೆ ಅಂತ."

"ಹರಡಿಯೂ ಕೊಟ್ಟರೆ ಒಳ್ಳೆಯದಿತ್ತು. ಅದೂ ನಿನ್ನ ಮಾತಿನಲ್ಲೇ ಇತ್ತಲ್ಲ."

ಅವನು ಹರಡಿಯೂ ಕೊಟ್ಟ.

ಉಳಿದದ್ದು ದಮಯಂತಿಯ ಪಾಲು, ಅದೇ ಹೆಚ್ಚಿನದ್ದು. ಅದಿಲ್ಲದೆ ಹೊಂಡದ ಅರ್ಧ ಭಾಗ ಬೋಳಾಗಿಯೇ ಇತ್ತು. ದಮಯಂತಿ ಹೆದರುವ ಪೈಕಿಯವರಲ್ಲ. ಒಂದು ದಿನ ಅಮ್ಮು ಎಲೆ ಇಡುವಾಗಲೇ ಹಿಂದಿನಿಂದ ಬಂದು ನಿಂತರು.

"ಎಂತ ಅಮ್ಮು, ನನ್ನ ಗುಲಾಬಿಗೆ ಎಲೆಯಡಿಕೆಯ ಚಟ ಹಿಡಿಸ್ತೀಯಾ?"

"ನಿಮ್ಮ ಗುಲಾಬಿಗಲ್ಲ."

"ಗೊತ್ತುಂಟು. ವಾಸಪ್ಪ ಹೇಳಿದ. ಗುಳಿಗನಿಗೆ ನಮ್ಮ ಅಂಗಳ ಇಷ್ಟ ಆಗಿದ್ದರೆ ಇರಲಿ. ನಾವು ಕೋಳಿ ಕೊಟ್ಟು ಸಾಕ್ತೇವೆ. ನಮ್ಮಲ್ಲಿ ಜಾಗಕ್ಕೆ ಕಡಿಮೆ ಇಲ್ಲ."

"ನಾನು ಗುಳಿಗ ಅಂತ ಯಾರಿಗೂ ಹೇಳಿಲ್ಲ ದಮಯಂತಿಯಕ್ಕ."

"ಅಲ್ಲ ಅಂತಲೂ ಹೇಳಿಲ್ಲ. ನಿನ್ನ ಅಜ್ಜನನ್ನೂ ಗೊತ್ತು ನನಗೆ, ಪಾಯಸ ಸಿಕ್ಕದೆ ನೀರು ಕೊಡದವನು. ಈ ಮಣ್ಣಿಗೆ ನಾನು ಬೆಲೆ ಕೊಟ್ಟಿದ್ದೇನೆ. ಕೊಡುದಿಲ್ಲ."

ಅಮ್ಮು ಎಲೆಯಡಿಕೆಯನ್ನು ಅಲ್ಲೇ ಬಿಟ್ಟು ಎದ್ದಳು. ಗೇಟಿನವರೆಗೆ ಬಂದು, ತಿರುಗಿ ನೋಡಿದಳು. ಗುಲಾಬಿಯ ನಡುವೆ ಕೂವೆಯ ಎಲೆ ಅಲ್ಲಾಡುತ್ತಿತ್ತು. ಆ ದಿನ ಅವಳು ಕಪ್ಪು ಕಲ್ಲಿನ ಹತ್ತಿರ ಹೋಗಿ ನಿಂತು ಹೊಂಡವನ್ನು ನೋಡಿದಳಂತೆ. ಬೋಳು ಉಳಿದ ಭಾಗದಲ್ಲಿ ಮಳೆನೀರು ಮಡುಗಟ್ಟಿ ನಿಂತು ನೆಟ್ಟ ಭಾಗವನ್ನೂ ಕೊಳೆಸುತ್ತದೆ. ಮಣ್ಣು ಪೂರ್ತಿ ಬಾರದೆ ತೆನೆ ಇಲ್ಲ.

ಆದರೆ ದಮಯಂತಿಯ ಮನೆಯಲ್ಲಿ ಹೆದರುವವನು ಒಬ್ಬನಿದ್ದ. ಕುಶಲನ ಕಾಲು ಇನ್ನೂ ಸರಿಯಾಗಿರಲಿಲ್ಲ. ಗುಳಿಗನ ಜಾಗದಲ್ಲಿ ಬೊಬ್ಬೆ ಹೊಡೆದು ಹಗ್ಗ ಎಳೆದದ್ದಕ್ಕೇ ಹೀಗಾಯಿತೆಂದು ಸಂಘದ ಹುಡುಗರು ತೀರ್ಮಾನಿಸಿಯಾಗಿತ್ತು. ಅವನು ಕುಂಟುತ್ತ ಅಮ್ಮುವಿನಲ್ಲಿಗೆ ಬಂದ.

"ಅಜ್ಜಿ, ಈ ಕಾಲಿಗೆ ಎಂತಾದರೂ ಮಾಡ್ಬೇಕಾ?"

"ಎಣ್ಣೆ ತಿಕ್ಕು."

"ಅದಲ್ಲ. ಮಣ್ಣು... ನಮ್ಮಲ್ಲಿ ಉಂಟಲ್ಲ, ಅದು."

"ಅದು ನಿನ್ನ ಅಮ್ಮನ ಮಣ್ಣಂತೆ. ನನ್ನ ಹತ್ತಿರ ಯಾಕೆ ಕೇಳ್ತಿ?" ಎಂದಳು ಅಮ್ಮು. ಆಮೇಲೆ ಎಲೆಗೆ ಸುಣ್ಣ ಹಚ್ಚುತ್ತ, "ಎಣ್ಣೆ ಬಿಸಿ ಮಾಡಿ ತಿಕ್ಕು. ಹೋಗು" ಎಂದಳು.

ಮುಂದಿನ ವಾರ ದಮಯಂತಿ ಮದುವೆಗೆಂದು ಮಂಗಳೂರಿಗೆ ಹೋದರು. ಎರಡು ದಿನ ಬಿಟ್ಟು ಬಂದು ನೋಡಿದರೆ ಗುಲಾಬಿ ಗಿಡಗಳೆಲ್ಲ ಸಿಮೆಂಟು ಚೀಲಗಳಲ್ಲಿ ಸಾಲಾಗಿ ನಿಂತು ಅವರನ್ನು ಸ್ವಾಗತಿಸುತ್ತಿದ್ದವು. ಅಂಗಳದಲ್ಲಿ ಮಣ್ಣಿರಲಿಲ್ಲ. ಅಮ್ಮು ಮಂಗಲ್ಪಾಡಿಗೆ ಹೋದಾಗ ಮಣ್ಣು ಹೋದದ್ದು ಹೇಗೋ, ದಮಯಂತಿ ಮಂಗಳೂರಿಗೆ ಹೋದಾಗ ಅದೇ ಮಣ್ಣು ತಿರುಗಿ ಬಂತು. ಯುವಕ ಸಂಘದವರು ಬುಟ್ಟಿಯಲ್ಲೇ ಹೊತ್ತು ಹಾಕಿದ್ದರು.

ದಮಯಂತಿ ಕುಶಲನನ್ನು ಕೇಳಿದರು, "ಮಣ್ಣು ಎಲ್ಲಿ?"

ಕುಶಲ ಸ್ವಲ್ಪ ಯೋಚಿಸಿ, "ಜೋರು ಮಳೆ ಬಂತಮ್ಮ" ಎಂದ.

ಅದರ ನಂತರ ದಮಯಂತಿ ಅಮ್ಮುವಿನೊಡನೆ ಮಾತು ಬಿಟ್ಟರು. ಆ ವರ್ಷ ತೆನೆ ಕಟ್ಟುವ ದಿನ ಆಗಲೇ ದಾಟಿಹೋಗಿತ್ತು. ದಮಯಂತಿಯಲ್ಲಿ ಕೇಳಲಾರದೆ ಅಮ್ಮು ಬಾಗಿಲಿಗೆ ಬರಿ ಮಾವಿನೆಲೆ ಕಟ್ಟಿದ್ದಳು.

ಬೇಸಿಗೆಯಲ್ಲಿ ಅಮ್ಮು ಅಜ್ಜನ ಸುರಂಗದ ನೀರನ್ನು ದಂಬೆಯಲ್ಲಿ ಹೊಂಡಕ್ಕೆ ತಿರುಗಿಸಿದಳು. ದಂಬೆ ಎಂದರೆ ಸೀಳಿದ ಅಡಿಕೆಮರದ ದೋಣಿ. ಹಿಂದೆ ಗದ್ದೆ ಎತ್ತರದಲ್ಲಿದ್ದಾಗ ನೀರು ಹತ್ತಿಸಲು ಹೆಣಗಬೇಕಿತ್ತು, ಈಗ ಗದ್ದೆಯೇ ತಗ್ಗಿಗೆ ಇಳಿದು ಕೂತದ್ದರಿಂದ ನೀರು ತಾನಾಗಿ ಓಡಿಬಂತು. ನೀರು ನಿಂತ ಕಡೆ ಮಣ್ಣು ಎಳೆದಳು, ನಿಲ್ಲದ ಕಡೆ ಕೆರೆದಳು. ಅಲಸಂಡೆ ಬಿತ್ತಿ, ಹೂ ಬಿಡುವಾಗ ಗಿಡವನ್ನೇ ಮಣ್ಣಿಗೆ ಮಡಚಿದಳು. ಲಾರಿಯ ದಾರಿಯಲ್ಲಿ ಹೆಚ್ಚಿನ ನೀರು ಹೋಗಲು ಕಣಿ ತೆಗೆದು, ಅದರ ಬಾಯಿಗೆ ಮುಳ್ಳಿನ ಗೇಟು ಕಟ್ಟಿದಳು. ಮಳೆ ಹಿಡಿದಾಗ ನೇಜಿ ನೆಟ್ಟಳು. ಮೊಣಕಾಲು ಕೆಸರಿನಲ್ಲಿ, ಸೊಂಟ ಬಾಗಿಸಿ, ಅರವತ್ತು ದಾಟಿದ ಹೆಂಗಸು ಒಬ್ಬಳೇ. ನೋಡಿದವರು ಮೇಲಿನಿಂದ ತಮಾಷೆ ಮಾಡಿದರು. "ಅಮ್ಮಕ್ಕ, ಬಾವಿಯೊಳಗೆ ಬೇಸಾಯವಾ?"

"ಹೌದು. ಕೊಡಪಾನ ಇಳಿಸಿ, ಅಕ್ಕಿ ಸೇದುವಿರಂತೆ."

ಬದುವಿನಲ್ಲಿ ಕೂವೆ ಎದ್ದಿತು. ಆಟಿ ಕಳೆದು ಸೋಣ ತಿಂಗಳಿಗೆ ಪೈರು ಹಾಲು ತುಂಬಿತು.

ಆಗ ಬಂದವು ಹಂದಿಗಳು. ಕಾಡುಹಂದಿಗೆ ಧಣಿ, ಒಕ್ಕಲು ಎಂಬ ಭೇದವಿಲ್ಲ. ತೆನೆ ಕಟ್ಟುವುದಕ್ಕೆ ಇನ್ನೇನು ಕೆಲವೇ ದಿನ ಇರುವಾಗ ಹಿಂಡು ಬಂದು ತೋಡಿನ ಬದಿಯ ಗದ್ದೆಗಳನ್ನೆಲ್ಲ ಉರುಳಾಡಿ ಮಲಗಿಸಿತು. ದಮಯಂತಿಯ ಗದ್ದೆಯಲ್ಲಿ ನಿಂತ ತೆನೆ ಎಂಬುದು ಒಂದೂ ಉಳಿಯಲಿಲ್ಲ. ಅಮ್ಮುವಿನ ಗದ್ದೆಗೂ ಬಂದಿದ್ದವು. ಮೂರು ಕಡೆ ಯಂತ್ರ ಕೊಯ್ದ ನೆಟ್ಟನೆ ಗೋಡೆ, ಒಂದು ಕಡೆ ಮುಳ್ಳು. ಮೇಲಿನಿಂದ ಇಣುಕಿ, ಅಂಚಿನಲ್ಲಿ ಮಣ್ಣು ಕೆದಕಿ, ಹಾಗೆಯೇ ಹೋದ ಗುರುತಿತ್ತು. ವಾಸಪ್ಪ ತನಗೆ ಗೊತ್ತಿಲ್ಲದೆ ಊರಿನಲ್ಲೇ ಗಟ್ಟಿಯಾದ ಬೇಲಿ ಹಾಕಿ ಕೊಟ್ಟಿದ್ದ.

ತೆನೆ ಕಟ್ಟುವ ಹಿಂದಿನ ಸಂಜೆ ಅಮ್ಮು ಗದ್ದೆಯಲ್ಲಿ ಕಳೆ ಕೀಳುತ್ತಿದ್ದಳು. ಮೇಲೆ ಅಂಚಿನಲ್ಲಿ ದಮಯಂತಿ ಬಂದು ನಿಂತರು. ಮಾತು ಬಿಟ್ಟವರಿಗೆ ಮಾತು ತೆಗೆಯುವುದು ಕಷ್ಟ. ಮೊದಲು ಕೆಮ್ಮಿದರು. ಆಮೇಲೆ ಆಕಾಶ ನೋಡಿದರು.

"ಭತ್ತ ಒಳ್ಳೆದಾಗಿದೆ," ಎಂದರು ಕೊನೆಗೆ.

"ಹೌದು ದಮಯಂತಿಯಕ್ಕ. ಗುಲಾಬಿ ಹೇಗುಂಟು?"

"ಚೀಲದಲ್ಲಿ ಉಂಟು." ಅಂಚಿಗೆ ಇನ್ನೊಂದು ಹೆಜ್ಜೆ ಬಂದರು. "ನಾನು ಎಂತಕ್ಕೆ ಬಂದದ್ದು ಅಂತ ನಿನಗೆ ಗೊತ್ತುಂಟು ಅಮ್ಮು. ನನ್ನ ಬಾಯಿಯಿಂದಲೇ ಹೇಳಿಸ್ಬೇಕಾ?"

"ಹೇಳಿದರೆ ಕೇಳಲಿಕ್ಕೆ ಚಂದ. ಅವತ್ತು ನಾಲ್ಕು ಜನ ಇದ್ದರು, ಇವತ್ತು ಯಾರೂ ಇಲ್ಲ. ನಿಮಗೆ ಅಷ್ಟು ಲಾಭ."

ದಮಯಂತಿ ನಗದಿರಲು ಬಹಳ ಪ್ರಯತ್ನಪಟ್ಟು ಸೋತರು. "ಒಂದು ಹಿಡಿ ತೆನೆ ಕೊಡು ಮಾರಾಯ್ತಿ."

ಅಮ್ಮು ಎಲ್ಲಕ್ಕಿಂತ ತುಂಬಿದ ತೆನೆಗಳನ್ನು ಆರಿಸಿ ಕೊಯ್ದು, ಕೂವೆಯ ಎಲೆಯಲ್ಲಿ ಸುತ್ತಿ, ಲಾರಿಯ ದಾರಿಯಾಗಿ ಮೇಲೆ ಹತ್ತಿ ಬಂದು ಎರಡೂ ಕೈಯಲ್ಲಿ ಕೊಟ್ಟಳು. ಈ ವರ್ಷ ಯಾರ ಗದ್ದೆಯದ್ದಾಯಿತು ಎಂಬ ಮಾತು ಅವಳ ನಾಲಗೆಯ ತುದಿಯವರೆಗೆ ಬಂದು, ಎಲೆಯಡಿಕೆಯ ಜೊತೆ ಒಳಗೆ ಹೋಯಿತು.

ದಮಯಂತಿ ತೆನೆಯನ್ನು ಮೂಸಿ ನೋಡಿದರು. ಕಪ್ಪು ಕಲ್ಲಿನ ಕಡೆ ಕಣ್ಣು ಹಾಯಿಸಿ, "ನಿಜ ಹೇಳು, ಅಲ್ಲಿ ಗುಳಿಗ ಇದ್ದಾನಾ?" ಎಂದರು.

"ನನ್ನ ಅಮ್ಮ ಕೂತು ಎಲೆ ತಿನ್ನುತ್ತಿದ್ದ ಕಲ್ಲು ಅದು. ಮಣ್ಣು ಹೋದಲ್ಲಿಗೆ ಅವಳೂ ಹೋಗಿದ್ದಾಳೆ ಅಂತ ಎಲೆ ಇಟ್ಟೆ. ಉಳಿದದ್ದೆಲ್ಲ ಊರಿನವರು ಸೇರಿಸಿದ್ದು."

ದಮಯಂತಿ ತೆನೆಯನ್ನು ಸೆರಗಿಗೆ ಕಟ್ಟಿಕೊಂಡರು. ಮಾತಾಡಿದಾಗ ಅವರ ಸ್ವರ ಬೇರೆಯಾಗಿತ್ತು. "ನನ್ನ ಗದ್ದೆಯಲ್ಲಿ ಕೊಯ್ಯಲಿಕ್ಕೆ ಎಂತದೂ ಇಲ್ಲ. ಆಳುಗಳಿಗೆ ಹೇಳಿ ಆಗಿದೆ, ಅವರು ಸುಮ್ಮನೆ ಕೂತಿದ್ದಾರೆ. ನಾಡಿದ್ದು ಇಲ್ಲಿಗೆ ಕಳಿಸ್ತೇನೆ. ಕುಶಲನೂ ಬರ್ತಾನೆ. ನಾನೂ ಬರ್ತೇನೆ, ಮೊದಲು ನಾನೂ ಕೊಯ್ದವಳೇ. ನಿನ್ನ ಸೊಂಟ ನೋಡು, ನೆಟ್ಟಗೆ ನಿಲ್ಲಲಿಕ್ಕೆ ಆಗುದಿಲ್ಲ."

ಅಮ್ಮು ಸೊಂಟಕ್ಕೆ ಕೈಕೊಟ್ಟು ನೆಟ್ಟಗೆ ನಿಂತು ತೋರಿಸಿದಳು. ಕಣ್ಣು ನಗುತ್ತಿತ್ತು.

"ಬೇಡ ದಮಯಂತಿಯಕ್ಕ. ಮಣ್ಣು ಹೊರುವಾಗ ಇಡೀ ಊರಿನ ಕೈ ಬಿದ್ದಿದೆ, ತುಳಿಯುವಾಗ ಊರಿನ ಕಾಲೂ ಬಿದ್ದಿದೆ. ಅದೆಲ್ಲ ನಾನು ಉಪಾಯದಲ್ಲಿ ಮಾಡಿಸಿಕೊಂಡದ್ದು, ಕೇಳಿ ಪಡೆದದ್ದಲ್ಲ. ಕೇಳದೆ ಬರುವ ಸಹಾಯ ನನಗೆ ಅಭ್ಯಾಸ ಇಲ್ಲ. ಕೊಯ್ಲು ನನ್ನ ಕೈಯಲ್ಲೇ ಆಗಬೇಕು ಅಂತ ಆಸೆ, ನನ್ನೊಬ್ಬಳಿಗೆ ಬಿಡಿ, ಎಷ್ಟು ದಿನ ಹಿಡಿದರೂ ಹಿಡಿಯಲಿ. ನಿಮಗೆ ಬರಲೇಬೇಕು ಅಂತಿದ್ದರೆ ಬನ್ನಿ, ಅಮ್ಮನ ಕಲ್ಲು ಖಾಲಿ ಉಂಟು, ಅದರ ಮೇಲೆ ಕೂತು ಎಲೆ ತಿನ್ನಿ. ಕತ್ತಿ ಮಾತ್ರ ತರಬೇಡಿ."